ಜಟಿಂಗಾದ ಮಂಜು ಮತ್ತು ದೀಪ
ಗುವಾಹಟಿಯಿಂದ ಹೊರಟ ರೈಲು ಲುಮ್‌ಡಿಂಗ್ ದಾಟಿ ಬೆಟ್ಟ ಹತ್ತತೊಡಗಿದಂತೆ ಸುರಂಗಗಳು ಒಂದರ ಹಿಂದೊಂದು ಎದುರಾದವು. ನ್ಯೂ ಹಾಫ್ಲಾಂಗ್‌ನಲ್ಲಿ ಇಳಿದಾಗ ಬರೈಲ್ ಬೆಟ್ಟಸಾಲಿನ ನೆತ್ತಿ ಮೋಡದಲ್ಲಿ ಮುಳುಗಿತ್ತು. ಪ್ರವಾಸ ಹೊರಡುವವರು ಸಾಮಾನ್ಯವಾಗಿ ಬಿಸಿಲಿನ ದಿನಗಳನ್ನು ಆರಿಸಿಕೊಳ್ಳುತ್ತಾರೆ. ಅಸ್ಸಾಂನ ದಿಮಾ ಹಸಾವೊ ಜಿಲ್ಲೆಯ ಜಟಿಂಗಾಕ್ಕೆ ಹೋಗುವವರು ಮಾತ್ರ ಪಂಚಾಂಗದಲ್ಲಿ ಅಮಾವಾಸ್ಯೆಯನ್ನು ಹುಡುಕಿ, ಮಂಜು ಕವಿಯಲಿ ಎಂದು ಹಾರೈಸಬೇಕು.

ಮಳೆಗಾಲದ ಕೊನೆಗೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಕತ್ತಲ ರಾತ್ರಿಗಳಲ್ಲಿ, ಬೆಟ್ಟದ ಏಣಿನ ಮೇಲಿರುವ ಈ ಹಳ್ಳಿಯ ದೀಪಗಳತ್ತ ಹಕ್ಕಿಗಳು ನುಗ್ಗಿ ಬರುತ್ತವೆ. ಇದು ನಡೆಯುವುದು ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಪಟ್ಟಿಯಲ್ಲಷ್ಟೇ. ಹಕ್ಕಿಗಳು ಉತ್ತರದಿಂದಲೇ ಬರುತ್ತವೆ; ದಕ್ಷಿಣದ ಬದಿಯಲ್ಲಿ ದೀಪವಿಟ್ಟು ಕರೆಯಲು ನಡೆಸಿದ ಪ್ರಯತ್ನಗಳು ಫಲಿಸಿಲ್ಲ. ನಿಸರ್ಗತಜ್ಞ ಇ. ಪಿ. ಜೀ 1960ರ ದಶಕದಲ್ಲಿ ಇದನ್ನು ಹೊರಜಗತ್ತಿಗೆ ತಿಳಿಸಿದರು. ಹಿಂದೆ ಹಳ್ಳಿಗರು ಹೀಗೆ ಬಂದ ಹಕ್ಕಿಗಳನ್ನು ಬಿದಿರಿನ ಕೋಲಿನಿಂದ ಹೊಡೆದು ಕೆಡವುತ್ತಿದ್ದರು. ಹಕ್ಕಿಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆಂಬ ಕಥೆ ಪ್ರವಾಸಿಗರನ್ನೇನೋ ಕರೆತರುತ್ತದೆ, ಆದರೆ ಅಪರಾಧವನ್ನು ಸತ್ತವರ ತಲೆಗೇ ಕಟ್ಟುತ್ತದೆ.

ಕತ್ತಲಾಗುತ್ತಲೇ ಕಣಿವೆಯಿಂದ ಮಂಜು ಏರಿ ಬಂತು. ಅಂಗಳದ ದೀಪದ ಸುತ್ತ ಅದು ಬೆಳಕನ್ನು ಚೆದುರಿಸಿ, ಬಿಳಿಯ ಗೋಡೆಯಂತೆ ನಿಂತಿತು. ಆ ಗೋಡೆಯಿಂದ ಮಿಂಚುಳ್ಳಿಯೊಂದು ಥಟ್ಟನೆ ಹೊರಬಿದ್ದು, ದೀಪವನ್ನು ಎರಡು ಮೂರು ಸುತ್ತು ಬಳಸಿ, ನೆಲದ ಮೇಲೆ ಕುಳಿತುಬಿಟ್ಟಿತು. ಅದಕ್ಕೆ ಪೆಟ್ಟೇನೂ ಆಗಿರಲಿಲ್ಲ, ಮೈಯೆಲ್ಲ ತೊಯ್ದಿತ್ತು. ಹತ್ತಿರ ಹೋದರೂ ಅಲುಗಲಿಲ್ಲ. ಮನೆಯವರು ದೀಪ ಆರಿಸಿದ ಬಳಿಕವೂ ಅದು ಬಹಳ ಹೊತ್ತು ಅಲ್ಲಿಯೇ ಇತ್ತು. ಇಲ್ಲಿಗೆ ಬರುವ ಬಕ, ಬೆಳ್ಳಕ್ಕಿ, ನವರಂಗ, ಮಿಂಚುಳ್ಳಿಗಳಲ್ಲಿ ಹೆಚ್ಚಿನವು ದೂರದ ವಲಸಿಗರಲ್ಲ, ಸುತ್ತಲಿನ ಕಣಿವೆಗಳವು. ಅವುಗಳಲ್ಲಿ ಬಹುಪಾಲು ಎಳೆಯ ಹಕ್ಕಿಗಳು.

ಮರುದಿನ ಸಂಜೆ ಆಕಾಶ ತಿಳಿಯಾಯಿತು. ದೀಪಗಳು ಹಿಂದಿನ ದಿನದಂತೆಯೇ ಉರಿಯುತ್ತಿದ್ದರೂ ಒಂದು ಹಕ್ಕಿಯೂ ಇತ್ತ ಸುಳಿಯಲಿಲ್ಲ. ಪ್ರವಾಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಈ ಬರಿಗೈಯ ಸಂಜೆಯೇ. ರಾತ್ರಿ ಹಾರುವ ಹಕ್ಕಿಗಳು ದಾರಿಗಾಗಿ ನಕ್ಷತ್ರಗಳನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ಆಶ್ರಯಿಸುತ್ತವೆ. ಮೋಡ, ಮಂಜುಗಳು ಆಕಾಶವನ್ನು ಮುಚ್ಚಿದಾಗ ಕಾಣುವ ಒಂದೇ ಒಂದು ಬೆಳಕು ದಿಕ್ಕು ತೋರಿಸುವ ಬದಲು ಬಂಧಿಸುತ್ತದೆ. ಕಾಂತಕ್ಷೇತ್ರವನ್ನು ಗ್ರಹಿಸುವ ಶಕ್ತಿಯೂ ಬೆಳಕನ್ನೇ ಅವಲಂಬಿಸಿದ್ದು, ಕೆಂಪು ಬೆಳಕಿನಲ್ಲಿ ಅದು ಕೆಡುವುದನ್ನು ಯುರೋಪಿನ ರಾಬಿನ್ ಹಕ್ಕಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಆದರೆ ಬೆಳಕು ಸಾಕಷ್ಟು ಪ್ರಖರವಾಗಿದ್ದರೆ ಮಂಜಿನ ನೆರವೂ ಬೇಕಾಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಪ್ರತಿ ಸೆಪ್ಟೆಂಬರ್ 11ರಂದು ಆಕಾಶಕ್ಕೆ ಹರಿಸುವ ಸ್ಮಾರಕ ಬೆಳಕಿನ ಕಂಬಗಳು ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳ ಹಾರಾಟವನ್ನು ಕದಡಿದವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ತಿಳಿಯಾದ ಆಕಾಶದಲ್ಲೂ ಹಕ್ಕಿಗಳು ಅಲ್ಲಿ ಸುತ್ತುತ್ತಿದ್ದವು. ಅಲ್ಲಿ ಸಾವಿರಕ್ಕಿಂತ ಹೆಚ್ಚು ಹಕ್ಕಿಗಳು ಸಿಕ್ಕಿಬಿದ್ದದ್ದು ಕಂಡರೆ ಸುಮಾರು 20 ನಿಮಿಷ ದೀಪ ಆರಿಸುತ್ತಾರೆ, ಕೆಲವೇ ನಿಮಿಷಗಳಲ್ಲಿ ಗುಂಪು ಚದುರಿ ತನ್ನ ದಾರಿ ಹಿಡಿಯುತ್ತದೆ.