ಎಳೆ ತಪ್ಪದ ಓಡಾಟ
ಕೋಡ್ ಬರೆಯುವ ಎಡಿಟರ್ ಆದ ನಿಯೋವಿಮ್‌ಗೆ ಹಾರ್ಪೂನ್ ಎಂಬ ಪ್ಲಗಿನ್ (ಹೆಚ್ಚುವರಿ ಸೌಲಭ್ಯ) ಹಾಕಿಕೊಂಡ ಮೇಲೆ ಫೈಲ್‌ಗಳ ನಡುವೆ ಓಡಾಡುವ ನನ್ನ ರೀತಿಯೇ ಬದಲಾಗಿದೆ. 20 ಫೈಲ್‌ಗಳು ತೆರೆದಿದ್ದರೂ ಒಂದು ಹೊತ್ತಿನಲ್ಲಿ ನಿಜವಾಗಿ ಕೆಲಸ ನಡೆಯುವುದು ಮೂರು ನಾಲ್ಕರಲ್ಲಿ ಮಾತ್ರ. ಅವುಗಳಿಗೆ ಗುರುತು ಹಾಕಿಟ್ಟು, ಒಂದೊಂದಕ್ಕೂ ಒಂದು ಕೀಲಿ ಹೊಂದಿಸಿಕೊಂಡರೆ, ಹೆಸರು ಹುಡುಕುವ ಗೋಜಿಲ್ಲದೆ ನೇರವಾಗಿ ಅಲ್ಲಿಗೇ ಹೋಗಬಹುದು. ನನ್ನಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಮೂಲ ಕೋಡ್, ಟಿ ಒತ್ತಿದರೆ ಅದರ ಟೆಸ್ಟ್ ಫೈಲ್ ಬರುತ್ತದೆ. ಎರಡು ಫೈಲ್‌ಗಳ ನಡುವೆ ಹೋಗಿಬರಲು ನಿಯೋವಿಮ್‌ನ ಮೂಲವಾದ ವಿಮ್‌ನಲ್ಲೇ ಕಂಟ್ರೋಲ್ ಮತ್ತು 6 ಇದೆಯಾದರೂ, ಮೂರನೆಯದು ಸೇರಿದ ಕೂಡಲೇ ಅದು ಸಾಲದಾಗುತ್ತದೆ. ಗುರುತಿನ ಪಟ್ಟಿ ಆಯಾ ಪ್ರಾಜೆಕ್ಟ್‌ಗೆ ಪ್ರತ್ಯೇಕವಾಗಿ ಉಳಿಯುವುದರಿಂದ ಮರುದಿನ ಎಡಿಟರ್ ತೆರೆದಾಗಲೂ ಎಲ್ಲವೂ ಇದ್ದಲ್ಲೇ ಇರುತ್ತದೆ. ಫೈಲ್ ಹುಡುಕುವ ಆ ಎರಡು ಕ್ಷಣಗಳಲ್ಲೇ ಯೋಚನೆಯ ಎಳೆ ಎಷ್ಟು ಸಲ ತಪ್ಪಿಹೋಗುತ್ತಿತ್ತೆಂಬುದು ನನಗೆ ಈಗ ಅರಿವಾಗುತ್ತಿದೆ.