‘ವಾಕ್’ ಇರಬೇಕಾದ ಕಡೆ ‘ವಾಲ್’

ಹನ್ನೆರಡೂ ಪದ ಟೈಪ್ ಮಾಡಿದೆ. ‘ನೆಕ್ಸ್ಟ್’ ಬಟನ್ ಬೂದು ಬಣ್ಣದಲ್ಲೇ ಉಳಿಯಿತು. ಅಳಿಸಿ ಮತ್ತೆ ಟೈಪ್ ಮಾಡಿದೆ. ಸ್ಪೆಲಿಂಗ್ ಸರಿ, ಕ್ರಮ ಸರಿ. ಬಟನ್ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಪುಣ್ಯಕ್ಕೆ ಅದು ರಿಹರ್ಸಲ್. ಬಿಟ್‌ಕಾಯಿನ್ ವಾಲೆಟ್ (ಆ ಡಿಜಿಟಲ್ ಹಣದ ಕೀಲಿ ನೋಡಿಕೊಳ್ಳುವ ಸಾಫ್ಟ್‌ವೇರ್) ಮಾಡಿ ಒಂದು ವಾರ ಆಗಿತ್ತು, ಒಳಗೆ ಇನ್ನೂ ಏನೂ ಹಾಕಿರಲಿಲ್ಲ. ಹಾಕುವ ಮೊದಲು ಕಾಗದದಲ್ಲಿ ಬರೆದುಕೊಂಡ ಪದಗಳಿಂದ ಅದೇ ವಾಲೆಟ್ ವಾಪಸ್ ಬರುತ್ತದಾ ಅಂತ ನೋಡೋಣ ಅನ್ನಿಸಿತು. ಬರಲಿಲ್ಲ.

ನಾನು ಆರಿಸಿಕೊಂಡದ್ದು ಇಲೆಕ್ಟ್ರಮ್. 2011ರಿಂದ ಇರುವ ಸಾಫ್ಟ್‌ವೇರ್. ಇಡೀ ಬ್ಲಾಕ್‌ಚೈನ್, ಅಂದರೆ ಬಿಟ್‌ಕಾಯಿನ್ ವಹಿವಾಟುಗಳ ಪೂರ್ತಿ ಲೆಕ್ಕದ ಪುಸ್ತಕ, ಡೌನ್‌ಲೋಡ್ ಮಾಡಿಕೊಳ್ಳಬೇಕಾಗಿಲ್ಲ, ಹಾಗಾಗಿ ನನ್ನ ಹಳೇ ಲ್ಯಾಪ್‌ಟಾಪಿಗೂ ಭಾರ ಆಗುವುದಿಲ್ಲ. ಇನ್‌ಸ್ಟಾಲ್ ಮಾಡುವುದು ಐದು ನಿಮಿಷದ ಕೆಲಸ. ಡೌನ್‌ಲೋಡ್ ಆಗಿದ್ದು ಅಸಲಿಯೋ ನಕಲಿಯೋ ಅಂತ ನೋಡುವುದಕ್ಕೇ ನನಗೆ ಒಂದು ಸಂಜೆ ಹಿಡಿಯಿತು. ಅದನ್ನು ಬಿಡುವ ಹಾಗಿಲ್ಲ. 2018ರ ಡಿಸೆಂಬರಿನಲ್ಲಿ ಕಳ್ಳರು ಇದೇ ವಾಲೆಟ್‌ಗೆ ತಮ್ಮದೇ ಸರ್ವರ್‌ಗಳನ್ನು ಜೋಡಿಸಿ, ‘ಅಪ್‌ಡೇಟ್ ಮಾಡಿಕೊಳ್ಳಿ’ ಅನ್ನುವ ಸಂದೇಶ ತೋರಿಸಿದ್ದರು. ಸಂದೇಶ ಬಂದದ್ದು ವಾಲೆಟ್ ಒಳಗೇ, ಹಾಗಾಗಿ ಜನ ನಂಬಿದರು. ಆ ನಕಲಿ ಪ್ರತಿ ಹಾಕಿಕೊಂಡವರಿಂದ 200ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋಯಿತು.

ಆದ್ದರಿಂದ ಫೈಲ್ ಜೊತೆಗೆ ಅದರ ಡಿಜಿಟಲ್ ಸಹಿಯ ಫೈಲನ್ನೂ ಇಳಿಸಿಕೊಂಡು, ಇಂಥ ಸಹಿ ಪರೀಕ್ಷಿಸುವ ಜಿಪಿಜಿ ಅನ್ನುವ ಸಾಫ್ಟ್‌ವೇರಿನಲ್ಲಿ ತಾಳೆ ನೋಡಿದೆ. ‘ಗುಡ್ ಸಿಗ್ನೇಚರ್’ ಅಂತ ಒಂದು ಸಾಲು ಬಂತು. ಖುಷಿಪಡುವಷ್ಟರಲ್ಲಿ ಕೆಳಗೇ ‘ವಾರ್ನಿಂಗ್’ ಅಂತ ಇನ್ನೊಂದು. ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು: ಸಹಿ ಸರಿಯಾಗಿದೆ, ಆದರೆ ಸಹಿ ಹಾಕಿದ ಈ ಕೀಲಿ ನಿಜವಾಗಿ ಇಲೆಕ್ಟ್ರಮ್ ಮಾಡಿದವರದ್ದೇ ಅಂತ ನೀನು ಇನ್ನೂ ಒಪ್ಪಿಲ್ಲವಲ್ಲ ಅಂತ ಅದು ಕೇಳುತ್ತಿದೆ, ಅಷ್ಟೇ. ಕೀಲಿಯ ಫಿಂಗರ್‌ಪ್ರಿಂಟನ್ನು (ಅದನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಎರಡು ಮೂರು ಬೇರೆ ಬೇರೆ ಕಡೆ ಹೋಲಿಸಿ ನೋಡಿದ ಮೇಲೆ ಸಮಾಧಾನವಾಯಿತು.

ವಾಲೆಟ್ ತೆರೆದ ಕೂಡಲೇ ಹನ್ನೆರಡು ಇಂಗ್ಲಿಷ್ ಪದ ಕೊಡುತ್ತದೆ. ಅದೇ ಸೀಡ್. ಒಟ್ಟು 2048 ಪದಗಳ ಪಟ್ಟಿಯಿಂದ ಆರಿಸಿದ್ದು. ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ನಾನು ಮೊದಲು ಇವೆರಡನ್ನೂ ಒಂದೇ ಥರ ಅಂದುಕೊಂಡಿದ್ದೆ. ಪಾಸ್‌ವರ್ಡ್ ಅನ್ನುವುದು ಈ ಕಂಪ್ಯೂಟರಿನಲ್ಲಿರುವ ಫೈಲಿಗೆ ಹಾಕಿದ ಬೀಗ. ಮರೆತರೆ ಸೀಡ್‌ನಿಂದ ಹೊಸದಾಗಿ ಶುರು ಮಾಡಬಹುದು. ಆದರೆ ಡಿಸ್ಕ್ ಸುಟ್ಟುಹೋಗಿ ಸೀಡ್ ಕೂಡ ಇಲ್ಲದಿದ್ದರೆ, ಪಾಸ್‌ವರ್ಡ್ ಎಷ್ಟು ಚೆನ್ನಾಗಿ ನೆನಪಿದ್ದರೂ ಪ್ರಯೋಜನವಿಲ್ಲ. ನಾಣ್ಯಗಳು ಲ್ಯಾಪ್‌ಟಾಪಿನಲ್ಲಿ ಇರುವುದೇ ಇಲ್ಲ ನೋಡಿ. ಇರುವುದು ಅವನ್ನು ಖರ್ಚು ಮಾಡಲು ಬೇಕಾದ ಕೀಲಿ ಮಾತ್ರ, ಆ ಕೀಲಿ ಹುಟ್ಟುವುದು ಸೀಡ್‌ನಿಂದ.

ಪದಗಳನ್ನು ಕೈಗೆ ಸಿಕ್ಕ ಕಾಗದದ ಮೇಲೆ ಗೀಚಿದೆ. ಬರೆದುಕೊಂಡಿದ್ದೀಯಾ ಅಂತ ಖಾತ್ರಿ ಮಾಡಿಕೊಳ್ಳಲು ವಾಲೆಟ್ ಮತ್ತೊಮ್ಮೆ ಟೈಪ್ ಮಾಡಿಸಿತು. ಆಗ ಎಲ್ಲ ಸರಿಯಿತ್ತು. ತಪ್ಪಾಗಿದ್ದು ಎರಡು ದಿನ ಬಿಟ್ಟು. ನನ್ನ ಅಕ್ಷರ ಕಾಗೆ ಕಾಲಿನ ಥರ ಇರುತ್ತದೆ ಅಂತ, ಒಳ್ಳೇ ದಪ್ಪ ಹಾಳೆಯ ಮೇಲೆ ದುಂಡಗೆ ಫೇರ್ ಕಾಪಿ ಮಾಡಿದೆ. ಗೀಚಿದ್ದನ್ನು ಹರಿದು ಸುಟ್ಟೂ ಹಾಕಿದೆ. ಸೆಕ್ಯುರಿಟಿ ಅಲ್ವಾ!

ಬಟನ್ ಬೆಳಗದೇ ಇದ್ದಾಗ ಮೂಲ ವಾಲೆಟ್ ತೆರೆದು, ಪಾಸ್‌ವರ್ಡ್ ಕೊಟ್ಟು, ಸೀಡ್ ತೋರಿಸು ಅಂದೆ. ಏಳನೇ ಪದ ‘ವಾಕ್’. ನನ್ನ ದುಂಡಗಿನ ಹಾಳೆಯಲ್ಲಿ ‘ವಾಲ್’. ಅವಸರದಲ್ಲಿ ಗೀಚಿದ ‘ಕೆ’ ಅಕ್ಷರದ ಕಾಲು ಮಡಚಿಕೊಂಡು ‘ಎಲ್’ ಆಗಿತ್ತು ಅಂತ ಕಾಣುತ್ತದೆ. ಎರಡೂ ಆ 2048ರ ಪಟ್ಟಿಯಲ್ಲೇ ಇವೆ, ಹಾಗಾಗಿ ಸ್ಪೆಲಿಂಗ್ ತಪ್ಪು ಅಂತಲೂ ಗೊತ್ತಾಗುವುದಿಲ್ಲ. ಹನ್ನೆರಡೂ ಪದ ಒಟ್ಟಿಗೆ ತಾಳೆಯಾಗದ್ದರಿಂದಲೇ ಬಟನ್ ಬೆಳಗಲಿಲ್ಲ. (ಆ ಸೀಡನ್ನು ಎಸೆದಾಗಿದೆ. ಹಾಗಾಗಿ ಇಲ್ಲಿ ಹೇಳಿದರೆ ಅಪಾಯವಿಲ್ಲ.)

ಮೂಲ ವಾಲೆಟ್ ಇಲ್ಲದಿದ್ದರೂ, ಒಂದೇ ಪದ ತಪ್ಪಾಗಿದ್ದರೆ ಹನ್ನೆರಡು ಜಾಗದಲ್ಲೂ ಪಟ್ಟಿಯ ಉಳಿದ ಪದಗಳನ್ನು ಒಂದೊಂದಾಗಿ ಹಾಕಿ ನೋಡಬಹುದು. ಸಾಧ್ಯತೆ 12 ಸಲ 2047, ಅಂದರೆ 24,564. ಕಂಪ್ಯೂಟರಿಗೆ ಅದೇನೂ ದೊಡ್ಡ ಲೆಕ್ಕವಲ್ಲ. ಮೂರು ನಾಲ್ಕು ಪದ ತಪ್ಪಿದ್ದರೆ ಆ ಮಾತು ಬೇರೆ. ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅಂದರೆ, ಹಳೇ ವಾಲೆಟ್ ಫೈಲನ್ನು ಅಳಿಸದೆ ಬೇರೆ ಹೆಸರಿನಲ್ಲಿ ಹೊಸ ಫೈಲ್ ತೆರೆದು ಪರೀಕ್ಷೆ ಮಾಡಿದ್ದು. ಅದೂ ಅಳಿಸಲು ಸೋಮಾರಿತನ ಆಗಿದ್ದರಿಂದ.

ಹೊಸ ಸೀಡ್ ಬರೆಯುವಾಗ ಪ್ರತಿ ಪದದ ಪಕ್ಕ ಕನ್ನಡದಲ್ಲೂ ಬರೆದೆ. ಕನ್ನಡದ ‘ಕ್’ ಮತ್ತು ‘ಲ್’ ನನ್ನ ಕೈಬರಹದಲ್ಲೂ ಒಂದೇ ಥರ ಕಾಣುವುದಿಲ್ಲ. ಹಾಗಂತ ಬರೀ ಕನ್ನಡದಲ್ಲಿ ಬರೆದಿಡಬೇಡಿ. ಪಟ್ಟಿಯಲ್ಲಿ ಬಲಗಡೆಯ ‘ರೈಟ್’ ಇದೆ, ಬರೆಯುವ ‘ರೈಟ್’ ಕೂಡ ಇದೆ!

ಫೋಟೋ ತೆಗೆಯಲಿಲ್ಲ. ನನ್ನ ಫೋನಿನ ಫೋಟೋಗಳೆಲ್ಲ ತಾವಾಗೇ ಕ್ಲೌಡಿಗೆ ಹೋಗುತ್ತವೆ. ಸೀಡ್‌ಗೆ ನಮ್ಮದೇ ಒಂದು ಗುಪ್ತ ಪದ ಸೇರಿಸುವ ಸೌಲಭ್ಯವಿದೆ, ಅದನ್ನೂ ಬಿಟ್ಟೆ. ಅಲ್ಲಿ ಒಂದಕ್ಷರ ತಪ್ಪಾದರೆ ಎಚ್ಚರಿಕೆ ಬರುವುದಿಲ್ಲ, ಸುಮ್ನೆ ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ನನ್ನಂಥವನಿಗೆ ಅದು ಕಳ್ಳನಿಗಿಂತ ಜಾಸ್ತಿ ಅಪಾಯ. ಇನ್ನು ಬಿಟ್‌ಕಾಯಿನ್ ಕಳಿಸಬೇಕಾದ ವಿಳಾಸವನ್ನು (ಖಾತೆ ಸಂಖ್ಯೆಯಂಥ ಉದ್ದದ ಅಕ್ಷರಸಾಲು) ಕಾಪಿ ಮಾಡಿ ಪೇಸ್ಟ್ ಮಾಡುವಾಗ ಬದಲಿಸಿಬಿಡುವ ಮಾಲ್‌ವೇರ್‌ಗಳಿವೆ. ಅದಕ್ಕೇ ಕಳಿಸುವ ಮೊದಲು ವಿಳಾಸದ ಮೊದಲ, ಕೊನೆಯ ಅಕ್ಷರಗಳ ಜೊತೆಗೆ ಮಧ್ಯದ ಒಂದಷ್ಟನ್ನೂ ಬೆರಳಿಟ್ಟು ಓದುತ್ತೇನೆ.

ಈ ಸಲ ಎರಡು ಪ್ರತಿ ಮಾಡಿದೆ. ಎರಡರಿಂದಲೂ ಬೇರೆ ಬೇರೆಯಾಗಿ ಟೈಪ್ ಮಾಡಿ ನೋಡಿದೆ. ಎರಡು ಸಲವೂ ಬಟನ್ ಬೆಳಗಿತು, ಮೊದಲ ವಿಳಾಸ ಮೂಲ ವಾಲೆಟ್‌ನಲ್ಲಿದ್ದದ್ದೇ ಬಂತು. ಆಮೇಲೆಯೇ ಒಂದು ಚಿಕ್ಕ ಮೊತ್ತ ಕಳಿಸಿದ್ದು.