ನಾನು ಒರೆಸಿಹಾಕಿದ ಚಿನ್ನ

ಕಳೆದ ವಾರ ನಮ್ಮ ಮುದ್ರಣಾಲಯದ ಪ್ರೀಪ್ರೆಸ್ (ಅಚ್ಚಿಗೆ ಮುನ್ನ ಚಿತ್ರ, ಪುಟ ಸಿದ್ಧಪಡಿಸುವ) ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಒಂದು ಸ್ಕ್ಯಾನ್ ತೆರೆದಿಟ್ಟುಕೊಂಡು, "ಸರ್, ಈ ಚುಕ್ಕೆಗಳನ್ನು ತೆಗೆದುಬಿಡಲೇ?" ಎಂದು ಕೇಳಿದ. "ಮುಟ್ಟಬೇಡ" ಎಂದು ನಾನು ಕಿರುಚಿದ್ದು ಬೈಂಡಿಂಗ್ ವಿಭಾಗದವರೆಗೂ ಕೇಳಿಸಿತಂತೆ. ಪಾಪ, ಅದು ನಿಜವಾದ ಧೂಳೇ ಆಗಿತ್ತು. ಅವನಿಗೆ ಕಾರಣ ಹೇಳಲು ಹೋಗಿ ಹಳೆಯ ಕಥೆಯೆಲ್ಲ ಹೊರಬಂತು.

ಹೊರದೇಶದ ಪ್ರಕಾಶಕರೊಬ್ಬರ ಕೆಲಸ ಅದು. ಫ್ರೆಂಚ್ ಚಿತ್ರಕಾರ ಜಾಕ್ ಮಜೊರೆಲ್ ಕುರಿತ ಚಿತ್ರಸಂಪುಟ, ಹನ್ನೆರಡು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು), ಮ್ಯಾಟ್ ಆರ್ಟ್ ಪೇಪರ್. ಆ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನ ನೀಲಿ ಮೊದಲ ದಿನವೇ ಎಲ್ಲರಿಗೂ ಗೊತ್ತಾಯಿತು, ಏಕೆಂದರೆ ಪ್ರಕಾಶಕರ ಮೊದಲ ಇಮೇಲ್‌ನಲ್ಲಿ ನೀಲಿಯ ಹೊರತು ಬೇರೇನೂ ಇರಲಿಲ್ಲ. ಮೊರಾಕ್ಕೋದ ಮರಾಕೆಶ್‌ನಲ್ಲಿ 1923ರಲ್ಲಿ ಜಾಗ ಕೊಂಡು ತೋಟ ಮಾಡಿದವನು, 1931ರಲ್ಲಿ ಅಲ್ಲೇ ಸ್ಟುಡಿಯೋ ಕಟ್ಟಿಸಿ, 1937ರಲ್ಲಿ ಅದಕ್ಕೆ ಕಣ್ಣು ಕುಕ್ಕುವ ನೀಲಿ ಬಳಿಸಿದ್ದ. ಆ ನೀಲಿಗೆ ಈಗ ಅವನದೇ ಹೆಸರು. ಮುಖಪುಟ ಪೂರ್ತಿ ಅದೇ ಬಣ್ಣದಲ್ಲಿ ಬರಬೇಕು.

ಅಚ್ಚಿನ ಮಾಮೂಲಿ ನಾಲ್ಕು ಬಣ್ಣದಲ್ಲಿ (ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಅಂಥ ನೀಲಿ ಹುಟ್ಟುವುದಿಲ್ಲ. ಸಯಾನ್ ನೂರಕ್ಕೆ ನಿಲ್ಲಿಸಿ ಮೆಜೆಂಟಾ ಒಂದು ಗುಕ್ಕು ಹೆಚ್ಚಿಸಿದರೆ ನೇರಳೆಹಣ್ಣು, ಇಳಿಸಿದರೆ ಬಸ್ ನಿಲ್ದಾಣದ ಬೋರ್ಡು. ಮೂರು ವಾರ ನೀಲಿಯ ಸಭೆಗಳೇ ನಡೆದವು. ಬಣ್ಣ ಪರೀಕ್ಷಿಸುವ ವ್ಯೂಯಿಂಗ್ ಬೂತ್‌ನ ಟ್ಯೂಬ್ ಬದಲಿಸಿ ಎಂದು ನಾನು ಇಂಡೆಂಟ್ ಹಾಕಿ ಎಂಟು ತಿಂಗಳಾಗಿತ್ತು. ಆ ಹಳದಿ ಬೆಳಕಿನಲ್ಲೇ ನಿಂತು ಜನರಲ್ ಮ್ಯಾನೇಜರ್ ನೀಲಿಯ ಮೇಲೆ ತೀರ್ಪು ಕೊಡುತ್ತಿದ್ದರು. ಕೊನೆಗೆ, ನಾಲ್ಕು ಬಣ್ಣದ ಆಚೆಗೆ ಮೆಷಿನ್‌ನಲ್ಲಿರುವ ಐದನೇ ಯೂನಿಟ್‌ನಲ್ಲಿ ಸ್ಪೆಷಲ್ ಇಂಕ್ ಎಂದು ತೀರ್ಮಾನವಾಯಿತು. ಅದು ಎರಡು ದಿನ ಒಣಗದೆ ಹಾಳೆಯಿಂದ ಹಾಳೆಗೆ ಅಂಟಿತು. ಅದು ಬೇರೆಯೇ ರಾಮಾಯಣ.

ಈ ಗದ್ದಲದಲ್ಲಿ ಒಳಪುಟಗಳನ್ನು ಯಾರೂ ಕೇಳುತ್ತಿರಲಿಲ್ಲ. ಅವು ನನ್ನ ಪಾಲಿಗೆ ಬಂದವು. ಸಂತೆ, ಕೆಂಪು ಮಣ್ಣಿನ ಗೋಡೆ, ಅಟ್ಲಾಸ್ ಬೆಟ್ಟದ ಕಸ್ಬಾ ಕೋಟೆಗಳು ಮುಗಿದ ಮೇಲೆ ಏಳನೇ ಫಾರಂನಲ್ಲಿ ಒಂಬತ್ತು ಚಿತ್ರಗಳು ಬಂದವು. 1930ರ ದಶಕದವು, ತೋಟದ ಎಲೆಗಳ ನಡುವೆ ಕೂತ, ಮಲಗಿದ ಕಪ್ಪು ಮೈಬಣ್ಣದ ಹೆಂಗಸರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ನಾನು ಈ ಕಸುಬಿಗೆ ಬಂದದ್ದು ಮದುವೆ ಆಲ್ಬಂಗಳ ಮೂಲಕ. ಮದುಮಗಳ ಮೈಬಣ್ಣ ಎರಡು ಪಾಯಿಂಟ್ ತಿಳಿಯಾಗಿಸುವುದು ಕೈಗೆ ಅಂಟಿದ ಚಾಳಿ, ಬಣ್ಣ ತಿದ್ದುವ ಕರ್ವ್ ತೆರೆದರೆ ಬೆರಳು ತಾನೇ ಮೇಲಕ್ಕೆ ಎಳೆಯುತ್ತದೆ. ಈ ಒಂಬತ್ತು ಚಿತ್ರಗಳಲ್ಲಿ ನಾನು ಬೆರಳನ್ನು ತಡೆದೆ. ಆ ಆಳವಾದ ಕಂದು, ಅದರೊಳಗಿನ ನೀಲಿ ಛಾಯೆ, ಒಂದನ್ನೂ ಬಿಟ್ಟುಕೊಡಲಿಲ್ಲ. ಎಷ್ಟು ಬೀಗಿದೆನೆಂದರೆ, ಪಕ್ಕದ ಮೇಜಿನವನನ್ನು ಕರೆದು ತೋರಿಸಿದೆ.

ಆ ಬೀಗುವಿಕೆಯಲ್ಲೇ ಚುಕ್ಕೆಗಳು ಕಂಡವು. ಮುನ್ನೂರು ಪರ್ಸೆಂಟ್ ಝೂಮ್‌ನಲ್ಲಿ, ಒಬ್ಬಳ ಭುಜದ ಮೇಲೆ, ಬಾಳೆ ಎಲೆಯ ಅಂಚಿನಲ್ಲಿ, ಕೊರಳ ಸರದ ಸುತ್ತ, ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು, ನಡುನಡುವೆ ಬೂದು. ಸ್ಕ್ಯಾನರ್ ಗಾಜನ್ನು ಒರೆಸದವರಿಗೆ ಮನಸ್ಸಿನಲ್ಲೇ ಬೈದುಕೊಂಡೆ. ಎರಡು ರಾತ್ರಿ, ಕಲೆ ಅಳಿಸುವ ಹೀಲಿಂಗ್ ಬ್ರಷ್, ಒಂದೊಂದೇ ಚುಕ್ಕೆ. ಧೂಳು ಎಲ್ಲ ಕಡೆ ಒಂದೇ ಸಮ ಬೀಳುತ್ತದೆ. ಇದು ಎಲೆಯ ಅಂಚನ್ನು, ಭುಜದ ತಿರುವನ್ನು ಹಿಡಿದುಕೊಂಡೇ ಹೋಗಿತ್ತು. ಅದನ್ನು ಗಮನಿಸಿದ್ದೂ ನೆನಪಿದೆ, "ವಿಚಿತ್ರ ಧೂಳು" ಎಂದುಕೊಂಡದ್ದೂ ನೆನಪಿದೆ. ಆದರೂ ಕೈ ನಿಲ್ಲಲಿಲ್ಲ. ಪದರಗಳನ್ನೆಲ್ಲ ಒಂದಾಗಿಸಿ (ಫ್ಲಾಟನ್ ಮಾಡಿ), ಅದೇ ಹೆಸರಿನಲ್ಲಿ ಸೇವ್ ಮಾಡಿ ಮನೆಗೆ ಹೋದೆ.

ಹಾರ್ಡ್ ಪ್ರೂಫ್ ಕಳಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕೊರಿಯರ್ ಖರ್ಚು ಉಳಿಸಲು ಮ್ಯಾನೇಜ್‌ಮೆಂಟ್ ಮುಖಪುಟಕ್ಕೆ ಮಾತ್ರ ಕಾಗದದ ಪ್ರೂಫ್ ಕಳಿಸಿ, ಒಳಪುಟಗಳನ್ನು ಲೋ ರೆಸ್ ಪಿಡಿಎಫ್‌ನಲ್ಲಿ ಮುಗಿಸಿತ್ತು.

ಪ್ರೆಸ್ ಪಾಸ್‌ಗೆ, ಅಂದರೆ ಅಚ್ಚಾಗುತ್ತಿರುವ ಹಾಳೆ ನೋಡಿ ಒಪ್ಪಲು, ಪ್ರಕಾಶಕರ ಕಡೆಯಿಂದ ಹಿರಿಯ ಮಹಿಳೆಯೊಬ್ಬರು ಬಂದರು. ನೀಲಿಯನ್ನು ಒಂದೇ ನಿಮಿಷದಲ್ಲಿ ಒಪ್ಪಿದರು! ಮೂರು ವಾರದ ಸಭೆಗಳಿಗೆ ಒಂದು ನಿಮಿಷ. ಏಳನೇ ಫಾರಂ ಆಗಲೇ ಓಡುತ್ತಿತ್ತು. ಡೆಲಿವರಿಯಿಂದ ಒಂದು ಶೀಟ್ ಎಳೆದು ಕನ್ಸೋಲ್ ಮೇಲೆ ಹಾಸಿದೆ. ಅವರು ಲೂಪ್ (ಭೂತಗನ್ನಡಿ) ಇಟ್ಟು ಬಗ್ಗಿದರು. ರಿಜಿಸ್ಟ್ರೇಷನ್, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಲೂಪ್ ಸರಿಸಿ ಮತ್ತೆ ಬಗ್ಗಿದರು. ಮೆಷಿನ್ ಓಡುತ್ತಲೇ ಇತ್ತು, ಕೌಂಟರ್‌ನಲ್ಲಿ ಅಂಕಿ ಏರುತ್ತಲೇ ಇತ್ತು. ಆಮೇಲೆ ಮೆಲ್ಲಗೆ ಕೇಳಿದರು: "ಚಿನ್ನ ಎಲ್ಲಿ?"

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ಅದೇ ಮೂಲಚಿತ್ರವನ್ನು ಯಾರೋ ಕಿಟಕಿಯ ಬಳಿ ಹಿಡಿದು ನಿಧಾನಕ್ಕೆ ವಾಲಿಸುತ್ತಿದ್ದರು. ವಾಲಿದಂತೆ ಆ ಭುಜದ ಮೇಲೆ ಮಿಂಚು ಹರಿಯಿತು, ಎಲೆಯ ಅಂಚು ಹೊತ್ತಿಕೊಂಡಿತು, ಮರುಕ್ಷಣ ಆರಿತು. ಚಿನ್ನ, ಬೆಳ್ಳಿಯ ಬಣ್ಣದ ಲೋಹದ ಪುಡಿ. ಮಜೊರೆಲ್ ಅದನ್ನು ಚಿತ್ರದ ಮೇಲೆ ಬೇಕೆಂದೇ ಹಾಕುತ್ತಿದ್ದ. ಸ್ಕ್ಯಾನರ್‌ನ ನೇರ ಬೆಳಕಿಗೆ ಮಾತ್ರ ಅದು ಕಂದು ಕಸದಂತೆ ಬೀಳುತ್ತದೆ.

ಕೆಂಪು ಗುಂಡಿ ಒತ್ತಿದ್ದು ನಾನೋ ಮೆಷಿನ್ ಮನ್ನೋ ಈಗ ನೆನಪಿಲ್ಲ. ಕೌಂಟರ್ 1,400 ಎಂದು ತೋರಿಸುತ್ತಿತ್ತು.

ಮುಂದಿನ ಪ್ರಶ್ನೆ, ಮೂಲ ಸ್ಕ್ಯಾನ್ ಎಲ್ಲಿ? ನಾನು ಅದರ ಮೇಲೆಯೇ ಸೇವ್ ಮಾಡಿ ಅಳಿಸಿಬಿಟ್ಟಿದ್ದೆ. ಸರ್ವರ್ ಬ್ಯಾಕಪ್ ಜಾಗ ತುಂಬಿ ಹತ್ತು ದಿನದಿಂದ ನಿಂತುಹೋಗಿತ್ತು, ಅದನ್ನು ಯಾರಿಗೂ ಹೇಳುವ ಗೋಜಿಗೆ ಹೋಗದೆ. ನನ್ನ ಬೆನ್ನು ಒದ್ದೆಯಾಗಿತ್ತು. ಆಗ ಟ್ರೇನಿ ಹುಡುಗಿ ನನ್ನ ಮುಖ ನೋಡದೆ, "ಸರ್, ನನ್ನ ಫೋಲ್ಡರ್‌ನಲ್ಲಿ ಇರಬಹುದು" ಎಂದಳು. ಹಿಂದಿನ ತಿಂಗಳಷ್ಟೇ, ಎಲ್ಲ ಫೈಲಿಗೂ ಎರಡೆರಡು ಪ್ರತಿ ಮಾಡಿ ಸರ್ವರ್ ತುಂಬಿಸುತ್ತೀಯಾ ಎಂದು ನಾನು ಅವಳನ್ನು ಎಲ್ಲರೆದುರು ಬೈದಿದ್ದೆ. ಅವಳು ಆ ಪ್ರತಿಗಳನ್ನು ಅಳಿಸಿರಲಿಲ್ಲ. "ಬೇಡದ್ದು" ಎಂಬ ಹೆಸರಿನ ಫೋಲ್ಡರ್‌ಗೆ ಹಾಕಿದ್ದಳು. ಒಂಬತ್ತೂ ಇದ್ದವು.

ಹೊಸ ಪ್ಲೇಟ್ ಬರುವವರೆಗೆ ಎರಡು ಗಂಟೆ ಮಾಡಲು ಕೆಲಸವಿರಲಿಲ್ಲ. ಜಾಬ್ ಫೋಲ್ಡರ್‌ನಲ್ಲೇ ಇದ್ದ ಚಿತ್ರಶೀರ್ಷಿಕೆಗಳ ಫೈಲನ್ನು ಆಗ ಮೊದಲ ಸಲ ತೆರೆದೆ. ಅದು ಲೇಔಟ್‌ನವರ ಕೆಲಸ ಎಂದು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಒಂಬತ್ತು ಚಿತ್ರಗಳ ಕೆಳಗೂ ಚಿನ್ನದ ಪುಡಿ, ಬೆಳ್ಳಿಯ ಪುಡಿ ಎಂದು ಬರೆದೇ ಇತ್ತು. ಹಾಗೆಯೇ ಮುಂದೆ ಓದಿದೆ. ಮಜೊರೆಲ್, ಫ್ರಾನ್ಸಿನ ನಾನ್ಸಿ ಊರಿನ ಹೆಸರಾಂತ ಪೀಠೋಪಕರಣ ವಿನ್ಯಾಸಕಾರ ಲೂಯಿ ಮಜೊರೆಲ್ ಅವರ ಮಗ, ಹುಟ್ಟಿದ್ದು 1886ರಲ್ಲಿ. ಆರೋಗ್ಯ ಕೆಟ್ಟು 1917ರಲ್ಲಿ ಮೊರಾಕ್ಕೋಗೆ ಬಂದ. 1912ರಿಂದ ಆ ದೇಶ ಫ್ರಾನ್ಸಿನ ರಕ್ಷಣಾಧೀನ ರಾಜ್ಯವಾಗಿತ್ತು. ಅದನ್ನು ಆಳುತ್ತಿದ್ದ ಫ್ರೆಂಚ್ ಅಧಿಕಾರಿ ಲಿಯೋಟೆಯೂ ನಾನ್ಸಿಯವನೇ, ಮನೆತನಕ್ಕೆ ಪರಿಚಿತ. ಮೊರಾಕ್ಕೋಗೆ ಪ್ರವಾಸಿಗರನ್ನು ಕರೆಯುವ ಪೋಸ್ಟರ್‌ಗಳನ್ನೂ ಮಜೊರೆಲ್ ಬರೆದ. 1945ರ ನಂತರ ಗಿನಿ, ಐವರಿ ಕೋಸ್ಟ್‌ವರೆಗೂ ಹೋದ. ತೋಟ ಸಾಕುವ ಖರ್ಚು ತಾಳದೆ 1947ರಲ್ಲಿ ಟಿಕೆಟ್ ಇಟ್ಟು ಜನರಿಗೆ ತೆರೆದ. ಕಾರು ಅಪಘಾತದಲ್ಲಿ ಕಾಲು ಕಳೆದುಕೊಂಡ, 1962ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಪಾಳುಬಿದ್ದ ತೋಟವನ್ನು 1980ರಲ್ಲಿ ಫ್ಯಾಷನ್ ವಿನ್ಯಾಸಕ ಈವ್ ಸಾಂ ಲೊರಾಂ ಮತ್ತು ಅವನ ಪಾಲುದಾರ ಪಿಯರ್ ಬೆರ್ಜೆ ಕೊಂಡು ಉಳಿಸಿದರು.

ಆ ಫೈಲಿನಲ್ಲಿ ಕೋಟೆಗಳಿಗೆ ಹೆಸರಿತ್ತು, ಕಣಿವೆಗಳಿಗೆ ಹೆಸರಿತ್ತು. ಒಂಬತ್ತರಲ್ಲಿ ಏಳು ಚಿತ್ರಗಳ ಹೆಂಗಸರಿಗೆ ಹೆಸರಿರಲಿಲ್ಲ. ಅವರ ಪಾಲಿಗೆ ಆ ಪುಟದಲ್ಲಿ ಇದ್ದದ್ದು ಮೈಬಣ್ಣ, ಒಂದಿಷ್ಟು ಪುಡಿ. ಅದನ್ನೂ ನಾನು ಎರಡು ರಾತ್ರಿ ಕೂತು ಒರೆಸಿದ್ದೆ.

ಫಾರಂ ಮರುಮುದ್ರಣವಾಯಿತು. 1,400 ಶೀಟಿನ ಖರ್ಚು ನಮ್ಮ ವಿಭಾಗದ ಇನ್ಸೆಂಟಿವ್‌ನಲ್ಲಿ ಮುರಿಯಿತು. ಟ್ರೇನಿಗೂ ಮುರಿದರು. ಎಚ್‌ಆರ್ ಜೊತೆ ಜಗಳವಾಡಿದರೂ ಅವಳ ಪಾಲು ವಾಪಸ್ ಬರಲಿಲ್ಲ. ನಾನು ಅವಳಿಗೆ ಕ್ಷಮೆ ಕೇಳಿದ್ದು ಕ್ಯಾಂಟೀನಿನಲ್ಲಿ, ಯಾರೂ ಇಲ್ಲದಾಗ. ಬೈದದ್ದು ಎಲ್ಲರೆದುರು ಎಂಬುದು ಮನೆಗೆ ಹೋದ ಮೇಲೆ ಹೊಳೆಯಿತು.

ಐದನೇ ಯೂನಿಟ್ ಮುಖಪುಟದ ನೀಲಿಗೆ ಮೀಸಲಾಗಿದ್ದರಿಂದ ಒಳಗೆ ಲೋಹದ ಇಂಕ್ ಬರಲೇ ಇಲ್ಲ. ಚಿನ್ನ ಸಾದಾ ಕಂದು ಚುಕ್ಕೆಯಾಗಿಯೇ ಅಚ್ಚಾಯಿತು. ಪುಸ್ತಕ ಬೈಂಡ್ ಆಗಿ ಬಂದ ದಿನ ಜನರಲ್ ಮ್ಯಾನೇಜರ್ ಮುಖಪುಟ ಸವರಿ, ಪುಟ ತಿರುವುತ್ತಾ ಏಳನೇ ಫಾರಂನಲ್ಲಿ ನಿಂತರು. ಒಂದು ಭುಜದ ಮೇಲೆ ಉಗುರಿನಿಂದ ಎರಡು ಸಲ ಕೆರೆದು ನನ್ನನ್ನು ನೋಡಿದರು.

"ಏನ್ರೀ, ಇಷ್ಟು ದೊಡ್ಡ ಜಾಬ್‌ನಲ್ಲಿ ಧೂಳು ಬಿಟ್ಟಿದ್ದೀರಲ್ಲ?"